ಬೆಂಡು ಕಟ್ಟೋರು ಯಾರು?

ಬೇಸಿಗೆ ರಜೆ ಬಂತೆಂದರೆ ಮಂಡ್ಯ ಜಿಲ್ಲೆಯ ವರದಿಗಾರರಿಗೆ ಒಂದು ಸುದ್ದಿ ಖಾಯಂ. 'ಈಜಲು ಹೋದ ಬಾಲಕ ನೀರುಪಾಲು.' ಊರು, ವಯಸ್ಸು ಬದಲಾಯಿಸಿದರೆ ಸಾಕು, ಉಳಿದದ್ದೆಲ್ಲ ಹಳೆಯ ಅಚ್ಚೇ. ನಾಲ್ಕು ಸಾಲು ಗೀಚಿ, 'ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ' ಎಂದು ಮುಗಿಸಿ, ಟೀ ಕುಡಿಯಲು ಹೋಗುತ್ತೇವೆ.

ಅಂಥದೇ ಒಂದು ಸುದ್ದಿಗೆ ಹೋದಾಗ ಸತ್ತ ಹುಡುಗನ ತಾಯಿಯನ್ನು, 'ಈಜು ಬರ್ತಿರ್ಲಿಲ್ವೇನಮ್ಮ?' ಎಂದು ಕೇಳಿಬಿಟ್ಟೆ. ಆಕೆ ನನ್ನ ಮುಖ ನೋಡಿ, 'ಕಲ್ಸೋರು ಯಾರಿದ್ರಪ್ಪ?' ಅಂದಳು. ಪೆನ್ನು ಜೇಬಿಗೆ ಹೋಯಿತು. ಆ ಮಾತು ಮಾತ್ರ ಇವತ್ತಿಗೂ ಕಿವಿಯಿಂದ ಹೋಗಿಲ್ಲ.

ನಾನೇನು ಗಾಂಧಿ ಕಾಲದವನಲ್ಲ ಸ್ವಾಮಿ. ಮೂವತ್ತು ಚಿಲ್ಲರೆ ವಯಸ್ಸು. ಆದರೂ ರಜೆ ಬಂತೆಂದರೆ ಬೆಳಿಗ್ಗೆ ಮುದ್ದೆ ನುಂಗಿ ಮನೆ ಬಿಟ್ಟರೆ ಮತ್ತೆ ಹೊಸ್ತಿಲು ಮೆಟ್ಟುತ್ತಿದ್ದುದು ದೀಪ ಹಚ್ಚುವ ಹೊತ್ತಿಗೇ. ಚಿನ್ನಿದಾಂಡು, ಬುಗುರಿ, ಲಗೋರಿ, ಮರಕೋತಿ. ಸಕ್ಕರೆ ಕಾರ್ಖಾನೆಗೆ ಹೋಗುವ ಎತ್ತಿನ ಗಾಡಿಯ ಹಿಂದೆ ಓಡಿ ಜಲ್ಲೆ ಎಳೆದರೆ ಗಾಡಿಯಣ್ಣ ಚಾಟಿ ಬೀಸುವ ಹಾಗೆ ಮಾಡುತ್ತಿದ್ದ, ಹೊಡೀತಿರಲಿಲ್ಲ. ಎಲಚಿಹಣ್ಣು ಯಾವ ಬೇಲಿಯಲ್ಲಿದೆ, ನೇರಳೆ ಯಾವ ತೋಟದಲ್ಲಿ ಕಪ್ಪಾಗಿದೆ, ಗೀಜಗ ಯಾವ ಬಾವಿಯ ಮೇಲೆ ಗೂಡು ಕಟ್ಟಿದೆ ಎಂಬ ಲೆಕ್ಕ ನಮ್ಮಲ್ಲಿತ್ತು. ಪಿಯುಸಿಯ ಲೆಕ್ಕ ಹತ್ತಲಿಲ್ಲ, ಅರ್ಧಕ್ಕೇ ಬಿಟ್ಟೆ. ಈ ಲೆಕ್ಕ ಮಾತ್ರ ಇನ್ನೂ ಮರೆತಿಲ್ಲ.

ಇಷ್ಟು ಹೇಳಿ ನಿಟ್ಟುಸಿರು ಬಿಟ್ಟು, 'ಈಗಿನ ಹುಡುಗರೆಲ್ಲ ಮೊಬೈಲ್ ಹುಳುಗಳು' ಎಂದು ಬೈದರೆ ಅಂಕಣ ಮುಗೀತು. ಎಲ್ಲರೂ ಹಾಗೇ ಮುಗಿಸ್ತಾರೆ. ಆದರೆ ಅದು ಅರ್ಧ ಸತ್ಯ.

ನಾವು ನೀರಿಗೆ ಹಾರುತ್ತಿದ್ದುದು ನಮ್ಮ ಧೈರ್ಯದಿಂದಲ್ಲ. ಊರಾಚೆಯ ತೋಟದ ಬಾವಿ ಕಟ್ಟೆಯ ಮೇಲೆ ಒಬ್ಬ ತಾತ ಕೂತಿರುತ್ತಿದ್ದ. ಒಣಗಿದ ಕತ್ತಾಳೆ ಬೆಂಡನ್ನು ಹಗ್ಗದಲ್ಲಿ ಪೋಣಿಸಿ, ಹೊಸಬರ ಬೆನ್ನಿಗೆ ಬಿಗಿದು ಕಟ್ಟಿ, ಆಮೇಲೇ ನೀರಿಗೆ ಬಿಡುತ್ತಿದ್ದ. ದಿನ ಕಳೆದಂತೆ ಒಂದೊಂದೇ ಬೆಂಡು ಕಡಿಮೆ ಮಾಡುತ್ತಿದ್ದ. ಕೊನೆಯ ತುಂಡು ಬಿಚ್ಚಿದ ದಿನ, 'ಹೋಗ್ಲಾ, ಇನ್ಮ್ಯಾಲೆ ನೀನುಂಟು ನೀರುಂಟು' ಅಂದ. ಬೆಂಡಿಲ್ಲದೆ ಕದ್ದು ಇಳಿದವನಿಗೆ ಹುಣಸೆ ಬರಲಿನ ಪೂಜೆ. ನಮ್ಮ ಬಾಲ್ಯಕ್ಕೆ ಚಿಂತೆ ಇರಲಿಲ್ಲ ನಿಜ. ಯಾಕೆಂದರೆ ನಮ್ಮ ಚಿಂತೆಯನ್ನು ಆ ತಾತನಂಥವರು ಹೊತ್ತಿದ್ದರು.

ಈಗ? ಬಾವಿಗಳು ಬತ್ತಿ, ಕೊಳವೆಬಾವಿ ಬಂದವು. ಮಣ್ಣಿನ ಏರಿಯಿದ್ದ ನಾಲೆಗಳಿಗೆ ಸಿಮೆಂಟ್ ಬಳಿದಾಯಿತು. ನೀರು ಸೋರಿ ಪೋಲಾಗದೆ ಕೊನೆ ಭಾಗದ ರೈತನಿಗೂ ಮುಟ್ಟಲಿ ಎಂದು ಮಾಡಿದ ಕೆಲಸ, ತಪ್ಪೆನ್ನಲಾಗದು. ಆದರೆ ಪಾಚಿಗಟ್ಟಿದ ಆ ಇಳಿಜಾರಿನಲ್ಲಿ ಕಾಲು ಜಾರಿದ ಹುಡುಗನಿಗೆ ಹಿಡಿಯಲು ಒಂದು ಹುಲ್ಲುಕಡ್ಡಿಯೂ ಸಿಗುವುದಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಹೋದರು. ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಬಸ್ಸಿನೊಳಗೆ ಸಿಕ್ಕಿಕೊಂಡವರನ್ನು ಈಜು ಉಳಿಸುತ್ತಿತ್ತು ಎಂದು ಯಾರೂ ಹೇಳಲಾರರು. ಆದರೆ ಅಂಥದ್ದನ್ನು ಕಂಡ ಮೇಲೆ ಯಾವ ತಾಯಿ ಮಗನನ್ನು ನಾಲೆ ಕಡೆ ಬಿಟ್ಟಾಳು? 'ಮನೇಲೇ ಬಿದ್ದಿರ್ಲಿ' ಎಂದು ಕೈಗೆ ಮೊಬೈಲ್ ಕೊಟ್ಟವರು ನಾವೇ. ಈಗ ಬೈಯುವವರೂ ನಾವೇ!

ಬೀಗ ಹಾಕಿದರೆ ಹುಡುಗರು ನಿಲ್ಲುತ್ತಾರೆಯೇ? ಕದ್ದು ಹೋಗುತ್ತಾರೆ. ಕಲ್ಲು ಕ್ವಾರಿಯ ಹೊಂಡಕ್ಕೆ ಹೋಗುತ್ತಾರೆ. ಬೆಂಡಿಲ್ಲ, ತಾತನಿಲ್ಲ, ಆಳ ಎಷ್ಟೆಂದು ಹೇಳುವವರಿಲ್ಲ. ಮಾರನೆಯ ದಿನ ನಮ್ಮ ನಾಲ್ಕು ಸಾಲು.

ಮಕ್ಕಳಿಗೆ ಪ್ರಕೃತಿ ಬೇಡವಾಗಿದೆ ಎನ್ನುವವರು ಒಮ್ಮೆ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬರಲಿ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಮನೆ ಮುಂದಿನ ಹುಣಸೆ ಮರದಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ. ಜಗಲಿ ಮೇಲೆ ಪಿಕ್ಕೆ ಬಿದ್ದರೂ ಜನ ಓಡಿಸುವುದಿಲ್ಲ. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ, ಮೀನು ತಿನ್ನಿಸಿ, ರೆಕ್ಕೆ ಬಲಿಯುವ ತನಕ ಸಾಕಿ ಬಿಡುವ ಕೆಲಸಕ್ಕೆ ಅಲ್ಲಿನ ಹುಡುಗರ 'ಹೆಜ್ಜಾರ್ಲೆ ಬಳಗ' ಹುಟ್ಟಿಕೊಂಡಿತು. 2007ರಲ್ಲಿ ಆ ಊರು ಸಮುದಾಯ ಸಂರಕ್ಷಿತ ಪ್ರದೇಶವೂ ಆಯಿತು. ಹಕ್ಕಿಯ ಮೇಲಿನ ಆ ಅಕ್ಕರೆಯನ್ನು ಯಾವ ಪಠ್ಯಪುಸ್ತಕ ಕಲಿಸಿತು? ಊರಿನ ಹಿರಿಯರು ಬಾಳಿದ ರೀತಿ ಕಲಿಸಿತು. ದೊಡ್ಡವರು ಜೊತೆಗೆ ನಿಂತರೆ ಹುಡುಗರು ಬರುತ್ತಾರೆ, ಅಷ್ಟೇ ವಿಷಯ.

ಹಾಗಾಗಿ ಅಧಿಕಾರಿ ಮಹಾಶಯರಲ್ಲಿ, ಊರ ಹಿರಿಯರಲ್ಲಿ ನಮ್ಮದು ಮೂರೇ ಮಾತು.

ಒಂದು, ಶಾಲೆಗೆ ಆಟದ ಬಯಲು ಇರಲೇಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಉದ್ಯಾನ, ಆಟದ ಬಯಲುಗಳನ್ನು ಉಳಿಸಲು ರಾಜ್ಯದಲ್ಲಿ 1985ರ ಕಾಯಿದೆಯೇ ಇದೆ. ಇರುವ ಬಯಲುಗಳ ಗೇಟನ್ನು ಸಂಜೆ, ಭಾನುವಾರ, ರಜಾದಿನಗಳಲ್ಲಿ ತೆಗೆಯಿರಿ. ಬೀಗ ಹಾಕಿದ ಬಯಲು ಇದ್ದರೇನು, ಬಿಟ್ಟರೇನು?

ಎರಡು, ಈಜು. ಶಾಲೆ ವಯಸ್ಸಿನ ಮಕ್ಕಳಿಗೆ ಈಜು, ನೀರಿನ ಎಚ್ಚರ ಕಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತಿದೆ. ಮನೆ ಬಾಗಿಲಲ್ಲೇ ನಾಲೆ ಹರಿಯುವ ಜಿಲ್ಲೆ ನಮ್ಮದು. ಬಾಯಲ್ಲಿ ಮಗ್ಗಿ ಎಷ್ಟು ಮುಖ್ಯವೋ ಮೈಗೆ ಈಜು ಅಷ್ಟೇ ಮುಖ್ಯ. ಗಂಡುಮಕ್ಕಳಿಗೆ ಮಾತ್ರವಲ್ಲ, ಹೆಣ್ಣುಮಕ್ಕಳಿಗೂ. ನಮ್ಮ ಕಾಲದಲ್ಲಿ ಅವರು ಬಾವಿಕಟ್ಟೆಯಿಂದ ದೂರ ನಿಂತು ನೋಡುತ್ತಿದ್ದರು. ಹಳೆಯ ಕಾಲದ ಆ ತಪ್ಪನ್ನಾದರೂ ಮತ್ತೆ ಮಾಡುವುದು ಬೇಡ.

ಮೂರನೆಯದು ನನಗೂ ನಿಮಗೂ ಸೇರಿದ್ದು. ಈಜು ಬರುವವರು ವಾರಕ್ಕೊಂದು ಬೆಳಿಗ್ಗೆ, ಆಳ ಗೊತ್ತಿರುವ ನಿಂತ ನೀರಿನ ದಡದಲ್ಲಿ, ಹಗ್ಗ, ಟ್ಯೂಬು ಹಿಡಿದು ನಿಲ್ಲಲಾಗದೇ? ನೇರಳೆ ಮರ ಯಾವುದು, ಹೊಂಗೆ ಯಾವುದು ಎಂದು ದಾರಿಯಲ್ಲಿ ತೋರಿಸಲಾಗದೇ? ಅದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಅನುದಾನ ಬೇಕಿಲ್ಲ.

ಬಾವಿಕಟ್ಟೆಯ ತಾತ ಈಗಿಲ್ಲ. ಆತ ಕೂರುತ್ತಿದ್ದ ಕಲ್ಲು ಖಾಲಿ ಇದೆ. ಬರುವ ರಜೆಗಾದರೂ ಅಲ್ಲಿ ಯಾರಾದರೂ ಹೋಗಿ ಕೂರಬೇಕು. ಮೊದಲು ನಾನೇ ಹೋಗುತ್ತೇನೆ. ನೀವು?