ಲಿನಕ್ಸ್ ಲ್ಯಾಪ್‌ಟಾಪ್: ಹೊರಪರದೆ ಮೂಡದಿರಲು ಕಾರಣವೇನು?

ಮಡಿಕೇರಿ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಒಗ್ಗದ ಲ್ಯಾಪ್‌ಟಾಪ್‌ಗಳನ್ನು ಗುಜರಿಗೆ ಹಾಕುವ ಬದಲು ಲಿನಕ್ಸ್ ಅಳವಡಿಸುವುದು ಕೊಡಗಿನ ಶಾಲೆಗಳಿಗೂ ಇರುವ ಒಂದು ದಾರಿ. ಕರಿಕೆಯ ಗಡಿ ದಾಟಿದರೆ ಸಿಗುವ ಕಾಸರಗೋಡಿನ ಕನ್ನಡ ಶಾಲೆಗಳಿಗೆ ಲಿನಕ್ಸ್ ಹೊಸತಲ್ಲ. ಕೇರಳದಲ್ಲಿ 2018ರಲ್ಲಿ ಆರಂಭಗೊಂಡ ಹೈಟೆಕ್ ಯೋಜನೆಯಡಿ ಸರ್ಕಾರಿ, ಅನುದಾನಿತ ಶಾಲೆಗಳ 45,000 ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಒದಗಿಸಲಾಯಿತು.

ತೊಡಕು ಎದುರಾಗುವುದು ಹೊರಪರದೆ ಜೋಡಿಸುವಾಗ. ಇಂಟೆಲ್ ಜತೆಗೆ ಎನ್‌ವಿಡಿಯಾ ಚಿಪ್ ಕೂಡ ಇರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್ ನೇರವಾಗಿ ಎನ್‌ವಿಡಿಯಾಕ್ಕೆ ಸಂಪರ್ಕಗೊಂಡಿರುತ್ತದೆ. ಒಳಪರದೆಯನ್ನು ಇಂಟೆಲ್ ನಡೆಸುವುದರಿಂದ ಯಂತ್ರ ಸರಿಯಾಗಿಯೇ ಇದ್ದಂತೆ ಕಾಣುತ್ತದೆ. ಪ್ರೊಜೆಕ್ಟರ್ ಮಾತ್ರ ಕಪ್ಪು. ಕೇಬಲ್ ಬದಲಿಸಿ ದಣಿದವರು ಪರೀಕ್ಷಿಸಬೇಕಾದುದು ಡ್ರೈವರನ್ನು. ‘ಸೆಕ್ಯೂರ್ ಬೂಟ್’ ಚಾಲನೆಯಲ್ಲಿದ್ದರೆ ಡಿಜಿಟಲ್ ಸಹಿಯಿಲ್ಲದ ಡ್ರೈವರ್ ಲೋಡ್ ಆಗುವುದೇ ಇಲ್ಲ. ಕರ್ನಲ್ ನವೀಕರಣದ ಬಳಿಕ ಡ್ರೈವರಿನ ಮರುನಿರ್ಮಾಣ ವಿಫಲವಾದರೂ ಇದೇ ಪಾಡು. ಹಳೆಯ ಕರ್ನಲ್‌ನಿಂದ ಬೂಟ್ ಮಾಡಿದಾಗ ಚಿತ್ರ ಮೂಡಿದರೆ ಸಂಶಯ ಅತ್ತಲೇ ತಿರುಗುತ್ತದೆ.

ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ಸಭೆಯೊಂದರಲ್ಲಿ ಎನ್‌ವಿಡಿಯಾವನ್ನು ಬಹಿರಂಗವಾಗಿಯೇ ನಿಂದಿಸಿದ್ದರು. ಕಂಪೆನಿ ತನ್ನ ಕರ್ನಲ್ ಮಾಡ್ಯೂಲ್‌ಗಳ ಮೂಲಸಂಕೇತವನ್ನು ತೆರೆದಿಟ್ಟದ್ದು 2022ರ ಮೇ ತಿಂಗಳಲ್ಲಿ. ಅದೂ ಟ್ಯೂರಿಂಗ್ ಮತ್ತು ನಂತರದ ಪೀಳಿಗೆಯ ಚಿಪ್‌ಗಳಿಗಷ್ಟೇ. ವಿಂಡೋಸ್ 11 ಕೈಬಿಟ್ಟಿರುವುದಾದರೋ ಬಹುಪಾಲು ಅದಕ್ಕೂ ಹಿಂದಿನ ಯಂತ್ರಗಳನ್ನು!

ಆದ್ದರಿಂದ ಹಾರ್ಡ್‌ಡಿಸ್ಕ್ ಅಳಿಸುವ ಮುನ್ನ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಚಲಾಯಿಸಿ, ತರಗತಿಯ ಪ್ರೊಜೆಕ್ಟರನ್ನೇ ಜೋಡಿಸಿ ನೋಡುವುದು ಕ್ಷೇಮ.