ಮಣ್ಣು ತಿಂದ ರಿವಾಲ್ವರುಗಳು

ಅಂಚೆ ಚೀಟಿ ಕೂಡಿಸುವವರನ್ನು ನಾವೆಲ್ಲ ಬಲ್ಲೆವು. ಆದರೆ ಹಿಡಿಯ ಮರ ಕೊಳೆತು, ತುಕ್ಕು ಹಿಡಿದು ಗಂಟುಗಂಟಾದ ರಿವಾಲ್ವರುಗಳನ್ನು ಹಣ ಕೊಟ್ಟು ಕೂಡಿಸುವವರು ಅಮೆರಿಕದಲ್ಲಿದ್ದಾರೆಂದು ನಾನು ಹೇಳಿದಾಗ ಹಾಸ್ಟೆಲಿನ ಮಿತ್ರರು ನಕ್ಕರು. ಒಬ್ಬನಂತೂ, “ಕೊಲ್ಲುವ ಸಾಧನವನ್ನು ದೇವರ ಗೂಡಿನಲ್ಲಿಡುವ ಹುಚ್ಚು” ಎಂದು ತೀರ್ಪನ್ನೇ ಕೊಟ್ಟ. ಆ ತೀರ್ಪನ್ನು ನಾನು ಪೂರ್ತಿಯಾಗಿ ಒಪ್ಪಲಾರೆ.

1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಮಡಿದರು. ಗುಂಡಿಗಿಂತ ರೋಗಕ್ಕೆ ಬಲಿಯಾದವರೇ ಅಧಿಕ. (ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು ನಮ್ಮ ಧಾರವಾಡ ಸೀಮೆಯ ಹತ್ತಿಯ ಬೆಲೆ ಏರಿದ್ದು ಇದೇ ಯುದ್ಧದಿಂದ.) ಉತ್ತರದ ಅಶ್ವದಳದವರಲ್ಲಿ ಬಹುಮಂದಿಯ ಸೊಂಟದಲ್ಲಿದ್ದುದು ಹಾರ್ಟ್‌ಫರ್ಡಿನ ಕೋಲ್ಟ್ ಕಾರ್ಖಾನೆಯ 1860ರ ಮಾದರಿ. ಅದರ ಆರು ಕೋಣೆಗಳಲ್ಲಿ ಒಂದೊಂದಕ್ಕೂ ಮದ್ದು ಸುರಿದು, ಸೀಸದ ಗುಂಡಿಟ್ಟು, ನಳಿಗೆಯ ಕೆಳಗಿನ ಸನ್ನೆಯಿಂದ ಒತ್ತಿ, ಹಿಂದೆ ಕೇಪು ಸಿಕ್ಕಿಸಬೇಕಾಗಿತ್ತು. ಕುದುರೆಯ ಮೇಲೆ ಕುಳಿತು ಅದನ್ನು ಮಾಡಿ ನೋಡಬೇಕು!

ದಕ್ಷಿಣದವರಿಗೆ ಕಬ್ಬಿಣ, ಉಕ್ಕುಗಳಿಗೇ ಬರ. ಜಾರ್ಜಿಯಾದ ಗ್ರಿಸ್ವೋಲ್ಡ್‌ವಿಲ್ ಎಂಬಲ್ಲಿ ಹಿತ್ತಾಳೆಯ ಚೌಕಟ್ಟಿಟ್ಟು ಸುಮಾರು 3,700 ರಿವಾಲ್ವರುಗಳನ್ನು ಮಾಡಿದರು. 1864ರ ನವೆಂಬರಿನಲ್ಲಿ ಉತ್ತರದ ಸೈನ್ಯ ಆ ಕಾರ್ಖಾನೆಯನ್ನು ಸುಟ್ಟಿತು. ಅಲ್ಲಿ ದುಡಿದವರಲ್ಲಿ ಹೆಚ್ಚಿನವರು ಗುಲಾಮರು. ಗುಲಾಮಗಿರಿ ಉಳಿಯಬೇಕೆಂದು ಹೋರಾಡಿದವರ ಆಯುಧವನ್ನು ಗುಲಾಮರ ಕೈಗಳೇ ತಿದ್ದಿದವು. ಅಂಥದೊಂದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವವನು ಮೊದಲು ಈ ಮಾತನ್ನು ಹೇಳಬೇಕು. ಹಿತ್ತಾಳೆಯ ಅಂದವನ್ನು ಆಮೇಲೆ ವರ್ಣಿಸಲಿ.

ಹೊಳಪು ಕೊಟ್ಟ ರಿವಾಲ್ವರಿಗಿಂತ ಮಣ್ಣಿನಿಂದೆದ್ದುದರಲ್ಲಿ ನನಗೆ ಹೆಚ್ಚು ಆಸ್ಥೆ. ಕೆಲವದರ ಕೋಣೆಗಳಲ್ಲಿ ಮದ್ದುಗುಂಡು ಹಾಗೆಯೇ ಉಳಿದಿರುತ್ತದೆ. ತುಂಬಿದವನಿಗೆ ಹಾರಿಸಲು ಸಮಯ ಸಿಗಲಿಲ್ಲ. ಓಡುವಾಗ ಬಿದ್ದಿತೋ, ಸತ್ತವನ ಕೈಯಿಂದ ಜಾರಿತೋ, ಒಂದು ಕಿಲೋಗಿಂತ ಹೆಚ್ಚಿನ ಭಾರ ಸಾಕಾಗಿ ಅವನೇ ಎಸೆದನೋ! ಆ ಹಳೆಯ ಮದ್ದು ಸತ್ತಿದೆಯೆಂದು ನಂಬುವಂತಿಲ್ಲ. 2008ರಲ್ಲಿ ವರ್ಜೀನಿಯಾದಲ್ಲಿ ಆ ಯುದ್ಧದ ಫಿರಂಗಿ ಗುಂಡನ್ನು ಶುಚಿಮಾಡುತ್ತಿದ್ದ ಸಂಗ್ರಾಹಕನೊಬ್ಬ ಅದು ಸಿಡಿದು ಸತ್ತ.

ನನ್ನ ಆಕ್ಷೇಪಣೆ ಬೇರೆಯದು. ಲೋಹಶೋಧಕ ಹಿಡಿದು ಅಗೆದು ತಂದು ಮಾರುವವನು ರಿವಾಲ್ವರನ್ನು ತರುತ್ತಾನೆ, ಅದು ಬಿದ್ದಿದ್ದ ಜಾಗವನ್ನು ತರುವುದಿಲ್ಲ. 1876ರ ಲಿಟಲ್ ಬಿಗ್‌ಹಾರ್ನ್ ಕದನಭೂಮಿಯಲ್ಲಿ 1984ರಲ್ಲಿ ಪುರಾತತ್ವಜ್ಞರು ಇದೇ ಯಂತ್ರ ಬಳಸಿ ಒಂದೊಂದು ತೋಟೆ ಸಿಕ್ಕ ಜಾಗವನ್ನೂ ಗುರುತಿಸಿದರು; ಕದನ ಹೇಗೆ ಸಾಗಿತೆಂಬುದಕ್ಕೆ ಆ ತೋಟೆಗಳೇ ಸಾಕ್ಷಿಯಾದವು. ಜೇಬಿಗೆ ಹಾಕಿಕೊಂಡಿದ್ದರೆ ಅವು ಬರೀ ಹಿತ್ತಾಳೆ, ತಾಮ್ರ. ಅಮೆರಿಕದ ಸರ್ಕಾರಿ ರಣಭೂಮಿಗಳಲ್ಲಿ ಹೀಗೆ ಅಗೆಯುವುದು ಅಪರಾಧ. ಖಾಸಗಿ ಹೊಲದಲ್ಲಿ ಒಡೆಯನ ಒಪ್ಪಿಗೆಯಿದ್ದರೆ ಸಾಮಾನ್ಯವಾಗಿ ತಡೆಯಿಲ್ಲ. ಇನ್ನು, ಹೊಸ ನಕಲುಗಳನ್ನೇ ಮಣ್ಣಿನಲ್ಲಿ ಹೂತು ತುಕ್ಕು ಬರಿಸಿ ಮಾರುವ ಮಹಾನುಭಾವರೂ ಇದ್ದಾರೆ!

ಈಗಾಗಲೇ ಹೊರಬಂದವನ್ನು ಕೂಡಿಸಲಿ, ಕಾಪಾಡಲಿ. ಎಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತೆಂಬ ಚೀಟಿಯಿಲ್ಲದ್ದಕ್ಕೆ ಮಾತ್ರ ಬೆಲೆ ಕಟ್ಟದಿರಲಿ. ಇಷ್ಟೇ ನನ್ನ ವಾದ.

ನನ್ನ ಮಿತ್ರ ಇನ್ನೂ ಒಪ್ಪಿಲ್ಲ. ಆದರೆ ಮೊನ್ನೆ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತು, “ಅಲ್ಲವೋ, ಗುಂಡು ತುಂಬಿದ್ದಂತೆಯೇ ಬೀಳಿಸಿಕೊಂಡನಲ್ಲ, ಅವನು ಮನೆ ಸೇರಿದನೇ?” ಎಂದು ಕೇಳಿದ. ಸಿಕ್ಕ ಜಾಗವನ್ನು ಯಾರಾದರೂ ಬರೆದಿಟ್ಟಿದ್ದರೆ ಅಷ್ಟಿಷ್ಟು ಊಹಿಸಬಹುದಿತ್ತು, ಎಂದೆ.