ನರಿಗೊಂದು ಸರದಿ

ಖಳನಾದ ಪ್ರಾಣಿಯೊಂದನ್ನು ನಾಯಕಪದವಿಗೇರಿಸಿ, ಅದರ ಕೇಡಿನ ಬುದ್ಧಿಯನ್ನು ಆಡುವವನ ಕೈಗೊಪ್ಪಿಸುವ ಸಣ್ಣ ಕಂಪ್ಯೂಟರ್ ಆಟಗಳನ್ನು ಕಂಡು, ಎಳೆಯ ಮನಸ್ಸುಗಳ ಶೀಲದ ವಿಷಯದಲ್ಲಿ ಕಳವಳಗೊಳ್ಳುವ ತಂದೆತಾಯಿಗಳೂ ಉಪಾಧ್ಯಾಯರೂ ನಮ್ಮಲ್ಲಿ ಅನೇಕರಿದ್ದಾರೆ. ಮೆಲ್ಬರ್ನ್ ನಗರದ ಹೌಸ್ ಹೌಸ್ ಎಂಬ ಪುಟ್ಟ ತಂಡ 2019ರಲ್ಲಿ ಹೊರತಂದ 'ಅನ್‌ಟೈಟಲ್ಡ್ ಗೂಸ್ ಗೇಮ್'ನಲ್ಲಿ ಹೆಬ್ಬಾತೊಂದು ಇಂಗ್ಲೆಂಡಿನ ಹಳ್ಳಿಯೊಳಕ್ಕೆ ನುಗ್ಗಿ, ತೋಟಗಾರನ ಬೀಗದಕೈ ಕದ್ದು, ಹುಡುಗನೊಬ್ಬನನ್ನು ಟೆಲಿಫೋನ್ ಗೂಡಿನೊಳಗೆ ಅಟ್ಟಿ, ಊರಿನ ನೆಮ್ಮದಿಯನ್ನೆಲ್ಲ ಕದಡಿದಾಗ ಲೋಕವೇ ನಕ್ಕಿತು; ನಕ್ಕದ್ದು ತಪ್ಪಲ್ಲ. ಆದರೆ ಆ ಹೆಬ್ಬಾತು ಮಾಡಿದ ಕೀಟಲೆಗೆ ಬೆಲೆ ತೆರಬೇಕಾದ ಪ್ರಸಂಗವೇ ಅಲ್ಲಿಲ್ಲವಾದ್ದರಿಂದ, ಅದನ್ನು ವಿನೋದವೆನ್ನಬಹುದೇ ಹೊರತು ಖಳತ್ವದ ಚಿತ್ರಣವೆನ್ನಲಾಗದು. ಖಳನನ್ನು ನಿಜವಾಗಿ ಒಳಹೊಕ್ಕು ನೋಡಲು ತಕ್ಕ ಆಟ ಬೇರೊಂದು ಜಾತಿಯದು: ಸರದಿಯ ಮೇಲೆ ನಡೆಯುವ, ಸತ್ತರೆ ಸತ್ತಂತೆಯೇ ಆಗುವ 'ರೋಗ್‌ಲೈಕ್' ಎಂಬ ಪ್ರಕಾರ. ಅದರಲ್ಲಿ ದುಷ್ಟಮೃಗವೊಂದು ನಾಯಕನಾಗುವುದನ್ನು ನಾನು ಸ್ವಾಗತಿಸುತ್ತೇನೆ.

ಈ ಅಭಿಪ್ರಾಯ ನಮ್ಮ ನೆಲಕ್ಕೆ ಹೊಸದಲ್ಲ. ಹಳೆಯ ದೇವಾಲಯಗಳ ಕಲ್ಲುಹಾಸಿನ ಮೇಲೆ ಇಂದಿಗೂ ಮನೆಗಳನ್ನು ಕೊರೆದಿರುವುದನ್ನು ಕಾಣಬಹುದಾದ ಆಡುಹುಲಿಯಾಟದಲ್ಲಿ, ಒಬ್ಬನ ಪಾಲಿಗೆ ಮೂರು ಹುಲಿ, ಇನ್ನೊಬ್ಬನ ಪಾಲಿಗೆ ಹದಿನೈದು ಆಡು. ಹುಲಿ ಹಾರಿ ಆಡನ್ನು ತಿನ್ನುತ್ತದೆ. ಆಡುಗಳು ಒತ್ತಾಗಿ ನಿಂತು, ಹುಲಿಗೆ ಮಿಸುಕಲೆಡೆಯಿಲ್ಲದಂತೆ ಕಟ್ಟಿಹಾಕುತ್ತವೆ. ಹುಲಿಯ ಪಕ್ಷ ವಹಿಸಿದ ಮೊಮ್ಮಗ ಹಿಂಸಾಪ್ರಿಯನಾದಾನೆಂದು ಯಾವ ಅಜ್ಜನೂ ಆಟವನ್ನು ನಿಲ್ಲಿಸಲಿಲ್ಲ. ಎದುರಾಳಿಯೂ ಯೋಚಿಸಿ ನಡೆ ಇಡುತ್ತಾನೆ, ಹುಲಿಯ ದುರಾಸೆಗೆ ಸೋಲು ಕಾದಿದೆ ಎಂಬ ನಿಯಮವೇ ಅಲ್ಲಿ ಸಾಕಷ್ಟು ಶಿಕ್ಷಣವಾಗಿತ್ತು.

ರೋಗ್‌ಲೈಕ್ ಎಂಬ ಪ್ರಕಾರಕ್ಕೆ ಹೆಸರು ಬಂದದ್ದು 1980ರ ಸುಮಾರಿಗೆ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಾಂಟಾ ಕ್ರೂಜ್ ಶಾಖೆಯಲ್ಲಿ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ಎಂಬ ತರುಣರು ರಚಿಸಿದ, ಬರ್ಕ್‌ಲಿಯಲ್ಲಿ ಕೆನ್ ಅರ್ನಾಲ್ಡ್ ಕೈಜೋಡಿಸಿದ 'ರೋಗ್' ಎಂಬ ಆಟದಿಂದ. ಚಿತ್ರವಿಲ್ಲ, ಸಂಗೀತವಿಲ್ಲ, ನಾಯಕನಿಗೊಂದು ಚಿಹ್ನೆ, ರಾಕ್ಷಸಮೃಗಗಳಿಗೆ ಇಂಗ್ಲಿಷಿನ ಇಪ್ಪತ್ತಾರು ದೊಡ್ಡಕ್ಷರ, ಪ್ರತಿ ಸಲವೂ ಹೊಸದಾಗಿ ಹೆಣೆದುಕೊಳ್ಳುವ ನೆಲಮಾಳಿಗೆ. ಇವೆಲ್ಲಕ್ಕಿಂತ ಮುಖ್ಯವಾದವು ಎರಡು ನಿಯಮಗಳು. ಆಡುವವನು ಹೆಜ್ಜೆ ಇಡುವವರೆಗೆ ಆ ಲೋಕದಲ್ಲಿ ಯಾವುದೂ ಚಲಿಸದು. ನಾಯಕ ಮಡಿದರೆ ಆಟ ಮೊದಲಿನಿಂದಲೇ ಆರಂಭವಾಗಬೇಕು. ಉಳಿಸಿಟ್ಟ ಆಟವನ್ನು ಮರಳಿ ತೆರೆದ ಕೂಡಲೇ ಆ ಕಡತವನ್ನು ಅಳಿಸಿಹಾಕುವ ಏರ್ಪಾಡನ್ನು ಅವರು ಮಾಡಿದ್ದರು. ತೆಗೆದುಕೊಂಡ ತೀರ್ಮಾನಗಳ ಪರಿಣಾಮ ಉಳಿಯಬೇಕೆಂಬುದೇ ಅದರ ಉದ್ದೇಶವಾಗಿತ್ತೆಂದು ವಿಚ್‌ಮನ್ ಮುಂದೆ ವಿವರಿಸಿದ್ದುಂಟು.

ಈ ಎರಡು ನಿಯಮಗಳು ಕೂಡಿ ಏನು ಮಾಡುತ್ತವೆಂಬುದನ್ನು ಬ್ರಯನ್ ವಾಕರ್ 2009ರಲ್ಲಿ ಉಚಿತವಾಗಿ ಹಂಚಿದ 'ಬ್ರೋಗ್' ಆಟದ ಮೊದಲ ಅಂತಸ್ತುಗಳಲ್ಲಿಯೇ ಕಾಣಬಹುದು. ಅಲ್ಲಿ ನರಿಗಳು ಹಿಂಡುಗಟ್ಟಿ ಬರುತ್ತವೆ. ನಾಯಕ ಒಂದು ಹೆಜ್ಜೆ ಇಡುವಷ್ಟರಲ್ಲಿ ಅವು ಎರಡು ಹೆಜ್ಜೆ ಇಡುವುದರಿಂದ ಓಡಿ ಪ್ರಯೋಜನವಿಲ್ಲ. ಇಕ್ಕಟ್ಟಾದ ಓಣಿಗೋ ಬಾಗಿಲಿಗೋ ಹಿಂಜರಿದು, ಒಂದೊಂದಾಗಿಯೇ ಎದುರಿಸಬೇಕು. ಇನ್ನೊಂದು ಕಡೆ ಕೋತಿಯೊಂದು ಬಂದು ಚೀಲದಿಂದ ಒಂದು ವಸ್ತುವನ್ನು ಕಿತ್ತುಕೊಂಡು ಓಡಿಬಿಡುತ್ತದೆ. ಅಟ್ಟಿಸಿಕೊಂಡು ಹೋಗಿ ಕೊಂದರೆ ವಸ್ತು ದೊರೆಯುತ್ತದೆ, ಬಿಟ್ಟರೆ ಹೋಯಿತು. ತೆರೆ ನಿಶ್ಚಲವಾಗಿ ನಿಂತಿದೆ. ಗಂಟೆಗಟ್ಟಲೆ ಯೋಚಿಸಿದರೂ ಕೇಳುವವರಿಲ್ಲ. ಕೈಚಳಕಕ್ಕೆ ಅಲ್ಲಿ ಬೆಲೆಯಿಲ್ಲವಾಗಿ, ಉದ್ವೇಗದಲ್ಲಿ ಹಾಗಾಯಿತೆಂದು ಹೇಳಿ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. ಆ ಕೋತಿಯನ್ನೇ, ಆ ನರಿಯನ್ನೇ ನಾಯಕನನ್ನಾಗಿಸಿದ ಆಟದಲ್ಲಿ ಪ್ರತಿಯೊಂದು ಕಳವೂ ಪ್ರತಿಯೊಂದು ಕಡಿತವೂ ತಿಳಿದು ಮಾಡಿದ ಕೃತ್ಯವಾಗುತ್ತದೆ. ಗುಂಡಿ ಒತ್ತಿದವನಿಗೆ ತಾನು ಮಾಡಿದ್ದೇನೆಂಬುದು ಗೊತ್ತಿರುತ್ತದೆ. ಖಳನ ಕಥೆಯಲ್ಲಿ ಬೇಕಾದದ್ದೂ ಇದೇ.

ಪರಿಣಾಮವಿಲ್ಲದ ಖಳನ ಕಥೆ ಹಿಂದಿನವರನ್ನೂ ಕಾಡಿತ್ತು. ಪಂಚತಂತ್ರದ ಪ್ರಸಿದ್ಧವಾದ ಸಂಸ್ಕೃತ ಪಾಠಗಳಲ್ಲಿ ದಮನಕನೆಂಬ ನರಿ ಸಿಂಹಕ್ಕೂ ಎತ್ತಿಗೂ ಇದ್ದ ಸ್ನೇಹವನ್ನು ಮುರಿದು, ಎತ್ತನ್ನು ಕೊಲ್ಲಿಸಿ, ಮಂತ್ರಿಯಾಗಿ ಸುಖದಿಂದಿದ್ದುಬಿಡುತ್ತದೆ. ಎಂಟನೆಯ ಶತಮಾನದಲ್ಲಿ ಅದೇ ಕಥೆಯನ್ನು 'ಕಲೀಲ ವ ದಿಮ್ನ' ಎಂಬ ಹೆಸರಿನಲ್ಲಿ ಅರಬ್ಬಿಗೆ ತಂದ ಇಬ್ನ್ ಅಲ್-ಮುಕಫ್ಫ ಇದನ್ನು ಸಹಿಸಲಾರದೆ, ನರಿಯ ವಿಚಾರಣೆ ನಡೆದು ಅದಕ್ಕೆ ಮರಣದಂಡನೆಯಾಗುವ ಅಧ್ಯಾಯವನ್ನೇ ತಾನಾಗಿ ಸೇರಿಸಿದನೆಂದು ವಿದ್ವಾಂಸರ ಅಭಿಪ್ರಾಯ. ಕನ್ನಡದಲ್ಲಿ ಪಂಚತಂತ್ರವನ್ನು ಬರೆದ ದುರ್ಗಸಿಂಹನಾದರೋ ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದವನು. ಸ್ನೇಹ ಕಟ್ಟುವ, ಸ್ನೇಹ ಒಡೆಯುವ ವಿದ್ಯೆಯನ್ನು ಅರಮನೆಯ ಒಳಗಿನಿಂದಲೇ ಬಲ್ಲವನು, ಸುಮಾರು 1031ರಲ್ಲಿ ಈ ಕಥೆಗಳನ್ನು ಹೇಳಲು ಕುಳಿತದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಮಕ್ಕಳ ಹಿತೈಷಿಗಳು ಆಕ್ಷೇಪಿಸಬೇಕಾದದ್ದು ಬೇರೆ ಬಗೆಯ ಆಟಗಳನ್ನು: ಕೊಂದಷ್ಟೂ ಅಂಕ, ಸತ್ತರೆ ಹಣ ತೆತ್ತು ಮರುಜೀವ, ಕೊಲ್ಲಲ್ಪಟ್ಟವರಿಗೆ ಹೆಸರೂ ಇಲ್ಲ ಮುಖವೂ ಇಲ್ಲ. ಅಂಥ ಆಟದ ನಾಯಕ ಸಾಧುಪುರುಷನೇ ಆಗಿದ್ದರೂ ಅದು ಮನಸ್ಸನ್ನು ಒರಟುಗೊಳಿಸದೆ ಬಿಡದು.

ನಮ್ಮ ಹುಬ್ಬಳ್ಳಿ, ಮೈಸೂರು, ಬೆಂಗಳೂರುಗಳಲ್ಲಿ ಪ್ರೋಗ್ರಾಮಿಂಗ್ ಬಲ್ಲ ಯುವಕ ಯುವತಿಯರಿಗೆ ಬರಗಾಲವಿಲ್ಲವಷ್ಟೆ. ಏಳು ದಿನಗಳಲ್ಲಿ ಒಂದು ರೋಗ್‌ಲೈಕ್ ಆಟವನ್ನು ಮಾಡಿ ಮುಗಿಸುವ 'ಸೆವೆನ್ ಡೇ ರೋಗ್‌ಲೈಕ್' ಎಂಬ ಅಂತರರಾಷ್ಟ್ರೀಯ ಪಂಥ 2005ರಿಂದ ನಡೆದುಬಂದಿದೆ. ಬಂಡವಾಳ ಬೇಡ, ಚಿತ್ರಕಾರರ ಪಡೆ ಬೇಡ. ದಮನಕನನ್ನು ನಾಯಕನನ್ನಾಗಿಸಿದ ಕನ್ನಡದ ಆಟವೊಂದು ಏಕೆ ಬರಬಾರದು? ನರಿಗೆ 'ನ', ಸಿಂಹಕ್ಕೆ 'ಸ', ಎತ್ತಿಗೆ 'ಎ' ಎಂದು ಅಕ್ಷರಗಳನ್ನೇ ಕಾಡಿನಲ್ಲಿ ಓಡಾಡಿಸಬಹುದು. ಈ ನರಿಯ ಆಯುಧ ಹಲ್ಲಲ್ಲ, ಮಾತು. ಮೂಲಕಥೆಯಲ್ಲಿ ಅದು, ಸಿಂಹ ಇಂಥ ಚರ್ಯೆಯಲ್ಲಿ ಕುಳಿತಿದ್ದರೆ ನಿನ್ನನ್ನು ಕೊಲ್ಲುವ ಇಂಗಿತವೆಂದು ತಿಳಿ ಎಂದು ಎತ್ತಿಗೂ, ಎತ್ತು ಇಂಥ ಭಂಗಿಯಲ್ಲಿ ಬಂದರೆ ದ್ರೋಹವೆಂದು ತಿಳಿ ಎಂದು ಸಿಂಹಕ್ಕೂ ಹೇಳಿಡುತ್ತದೆ. ಅಂಜಿಕೆಯಿಂದ ಮೈ ಬಿಗಿಹಿಡಿದು ಬಂದ ಒಂದರ ನಿಲುವೇ ಮತ್ತೊಂದಕ್ಕೆ ಸಾಕ್ಷ್ಯವಾಗಿಬಿಡುತ್ತದೆ. ಸರದಿಗೊಂದು ಮಾತು, ಮಾತಿಗೊಂದು ಸಂಶಯ, ಸಂಶಯಕ್ಕೊಂದು ಚರ್ಯೆ: ಸರದಿಯ ಆಟಕ್ಕೆ ಇದಕ್ಕಿಂತ ಒಪ್ಪುವ ಕಥೆ ನನಗೆ ತಿಳಿದಂತೆ ಇಲ್ಲ.

ಅದನ್ನು ಮಾಡುವವರಲ್ಲಿ ನನ್ನ ವಿನಂತಿ ಎರಡೇ. ರೋಗ್‌ನಲ್ಲಿ ನಾಯಕನಿಗೆ ಹಸಿವಿನ ಲೆಕ್ಕವಿತ್ತು, ಊಟವಿಲ್ಲದೆ ತಡಮಾಡಿದರೆ ಸಾವು. ಪಂಚತಂತ್ರದಲ್ಲಿಯೂ ಎತ್ತಿನ ಸ್ನೇಹಕ್ಕೆ ಸೋತ ಸಿಂಹ ಬೇಟೆಯನ್ನು ಮರೆತು, ಪರಿವಾರವೆಲ್ಲ ಹಸಿದಿರುತ್ತದೆ. ಆ ಹಸಿವನ್ನು ಆಟದಲ್ಲಿ ಉಳಿಸಿಕೊಳ್ಳಿ. ಜೊತೆಗೆ, ಏನನ್ನೂ ಮಾಡದೆ ಒಂದು ಸರದಿಯನ್ನು ಕಳೆಯಲು ಹಳೆಯ ಆಟಗಳಲ್ಲಿದ್ದ ಆ ಒಂದು ಕೀಲಿಯನ್ನೂ ಉಳಿಸಿಕೊಳ್ಳಿ. ಹೊಟ್ಟೆ ಸುಡುತ್ತಿರುವಾಗಲೂ, ಬೇಕೆನಿಸಿದರೆ, ದಮನಕ ಬಾಯಿಮುಚ್ಚಿಕೊಂಡು ಸುಮ್ಮನಿರಲು ಸಾಧ್ಯವಾಗಬೇಕು.